ಐನಾರ್‌ಗಾಗಿ ಗಾಳಿಯಂತ್ರ ನಿಲ್ಲಿಸುವ ವಿಚಾರ

"ಇಪ್ಪತ್ತೇ ನಿಮಿಷ, ಹೆಚ್ಚಿಗೆ ಕೇಳಬೇಡಿ," ಎಂದು ಪಾದ್ರಿ ಮಾರೆನ್ ಬಾಗಿಲು ಎಳೆದುಕೊಳ್ಳಲು ಹೋದಳು. ಪ್ರೆಬೆನ್‌ನ ಬೆನ್ನು ಅಡ್ಡ ಬಂತು. ಬೋದಿಲ್ ಅವನ ತೋಳು ಹಿಡಿದು ಒಳಕ್ಕೆ ಎಳೆದ ಮೇಲೆಯೇ ಬಾಗಿಲು ಮುಚ್ಚಿದ್ದು.

ಚರ್ಚಿನ ಹಿಂದಿನ ಆ ಕೋಣೆಯನ್ನು ಪಾದ್ರಿಯ ನಿಲುವಂಗಿಗೂ ಮೇಣದಬತ್ತಿಯ ಡಬ್ಬಗಳಿಗೂ ಎಂದು ಕಟ್ಟಿದ್ದರು. ಅದರೊಳಗೆ ಈಗ ದ್ವೀಪದ ಗಾಳಿ ವಿದ್ಯುತ್ ಸಹಕಾರ ಸಂಘದ ಆಡಳಿತ ಮಂಡಳಿಯ ಆರು ಜನ ಕರಿ ಬಟ್ಟೆ ತೊಟ್ಟು ಒಬ್ಬರ ಉಸಿರು ಒಬ್ಬರಿಗೆ ತಾಗುವಂತೆ ನಿಂತಿದ್ದರು. ಏಳನೆಯವನು, ಅಧ್ಯಕ್ಷ ಐನಾರ್ ಕ್ವಿಸ್ಟ್, ಗೋಡೆಯ ಆಚೆ ಬಿಳಿ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಮೂವತ್ತಮೂರು ವರ್ಷಗಳಲ್ಲಿ ಅವನು ತಪ್ಪಿಸಿಕೊಂಡ ಮೊದಲ ಸಭೆ ಇದು.

ಬೋದಿಲ್ ಉಪಾಧ್ಯಕ್ಷೆ. ಶಾಲೆಯ ಅಡುಗೆಮನೆ ಅವಳ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಸಂಘದ ನಡಾವಳಿ ಬರೆಯುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಉಪಾಧ್ಯಕ್ಷರ ಹುದ್ದೆಗೆ ಯಾರೂ ಕೈ ಎತ್ತದಿದ್ದಾಗ, ಅವಳ ಕೈಯಲ್ಲಿ ಪೆನ್ನು ಇದ್ದು ಅದು ಸ್ವಲ್ಪ ಮೇಲಕ್ಕೆದ್ದಂತೆ ಕಂಡಿದ್ದರಿಂದ ಆ ಹುದ್ದೆಯೂ ಅವಳ ಪಾಲಿಗೆ ಬಂದಿತ್ತು. ಇನ್ನೊಬ್ಬರು ತೀರ್ಮಾನಿಸಿದ್ದನ್ನು ಬರೆಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ತಾನೇ ನಿಂತು ಸಭೆ ನಡೆಸುವುದು ಇವತ್ತೇ ಮೊದಲು.

"ಫೋನು ಇದರಲ್ಲಿ ಹಾಕಿ," ಎಂದು ಮೇಣದಬತ್ತಿಯ ಖಾಲಿ ಡಬ್ಬ ಮುಂದಿಟ್ಟಳು. ಅದು ಐನಾರ್‌ನ ಪದ್ಧತಿ. ಸಭೆ ಮುಗಿಯುವವರೆಗೆ ಯಾರ ಫೋನೂ ಯಾರ ಕೈಯಲ್ಲೂ ಇರಕೂಡದು. "ವಿಷಯ ಒಂದೇ. ಐನಾರ್‌ನ ಪೆಟ್ಟಿಗೆ ಹೊರಗೆ ಬಂದು ಮಣ್ಣಿಗೆ ಇಳಿಯೋವರೆಗೆ, ಒಂದು ಅರ್ಧ ಗಂಟೆ, ಯಂತ್ರ ನಿಲ್ಸೋದಾ ಬೇಡ್ವಾ. ಸಿಗ್ನೆ, ನೀನು ಎಲ್ಲರಿಗಿಂತ ಹೊಸಬಳು, ಮೊದಲು ಹೇಳು."

ಹೊಸಬರು ಮೊದಲು, ಅಧ್ಯಕ್ಷರು ಕೊನೆಗೆ. ಇದೂ ಐನಾರ್‌ನದೇ. ದೊಡ್ಡವರು ಮೊದಲು ಬಾಯಿ ಬಿಟ್ಟರೆ ಚಿಕ್ಕವರು ತಮ್ಮ ಮಾತು ನುಂಗಿಕೊಳ್ಳುತ್ತಾರೆ ಎನ್ನುತ್ತಿದ್ದ.

ಯಂತ್ರದ ರಿಪೇರಿ ನೋಡಿಕೊಳ್ಳುವ ಸಿಗ್ನೆಯ ಕಣ್ಣುಗಳು ಅತ್ತು ಟೊಮೇಟೊ ಹಣ್ಣಾಗಿದ್ದವು. "ನಿಲ್ಸೋಣ. ಫೋನಲ್ಲಿ ಒಂದು ಗುಂಡಿ ಒತ್ತಿದ್ರೆ ಆಯ್ತು. ಅವನಿಗೆ ಅಷ್ಟೂ ಮಾಡ್ದೆ ಇದ್ರೆ ನಾವು ಮನುಷ್ಯರಾ?"

"ಅಳಬೇಡ ಕಣೇ, ಕೇಳು," ಹಂದಿ ಸಾಕುವ ಪ್ರೆಬೆನ್ ಪಿಸುಗುಟ್ಟಿದ. ಪ್ರೆಬೆನ್ ಪಿಸುಗುಟ್ಟಿದರೆ ಮೂರನೇ ಬೆಂಚಿಗೆ ಕೇಳುತ್ತದೆ. "ಬಿರುಗಾಳಿಗೆ, ರಿಪೇರಿಗೆ ಬಿಟ್ರೆ ಯಾರಿಗಾಗಿಯೂ ಯಂತ್ರ ನಿಲ್ಸಲ್ಲ. ಈ ನಿಯಮ ಯಾರದ್ದು? ಐನಾರ್‌ದು! ಕಮ್ಮಾರ ಕ್ನೂದ್ ಸತ್ತಾಗ ಊರೆಲ್ಲಾ ಕೇಳ್ಕೊಂಡ್ರೂ ಆಸಾಮಿ ಜಗ್ಗಲಿಲ್ಲ. ಈಗ ಅವನ ಹೆಣದ ಮುಂದೇನೇ ಅವನ ಮಾತು ಮುರಿಯೋದಾ?"

ಉಳಿದ ಮೂವರಲ್ಲಿ ಶಾಲೆಯ ಮೇಷ್ಟರು ತಲೆ ತೂಗಿದರು. ಹಡಗಿನ ಕ್ಯಾಪ್ಟನ್ ಕೂಡ. "ಐನಾರ್‌ಗೇ ನಿಲ್ಸೋದು ಇಷ್ಟ ಇದ್ದಿದ್ರೆ ನಾನೂ ಹೂಂ ಅಂತಿದ್ದೆ," ಎಂದರು ಮೇಷ್ಟರು, "ಆದರೆ ಅವನಿಗೆ ಇಷ್ಟ ಇರಲಿಲ್ಲವಲ್ಲ." ಅಂಗಡಿಯಾಕೆ "ನಾನೂ ಅದನ್ನೇ ಹೇಳೋಳಿದ್ದೆ," ಎಂದು ಮೂಗು ಒರೆಸಿಕೊಂಡಳು.

ಬೋದಿಲ್ ನಡಾವಳಿ ಪುಸ್ತಕ ತೆರೆದಳು. ಒಂದೇ ಒಂದು ವಾಕ್ಯ ಹೇಳಿದರೆ ಸಾಕಿತ್ತು, ಮೇಷ್ಟರೂ ಅಂಗಡಿಯಾಕೆಯೂ ಈ ಕಡೆ ಬಂದು ಯಂತ್ರ ನಿಲ್ಲುತ್ತಿತ್ತು. ಆ ವಾಕ್ಯ ಗೊತ್ತಿದ್ದವಳು ಬದುಕಿರುವವರಲ್ಲಿ ಅವಳೊಬ್ಬಳೇ.

*

ಇಪ್ಪತ್ತೆರಡು ವರ್ಷದ ಹಿಂದೆ ಅವಳು ಮೊದಲ ಸಲ ನಡಾವಳಿ ಬರೆಯಲು ಕುಳಿತಿದ್ದಳು. ಯಂತ್ರದ ಗೋಪುರಕ್ಕೆ ಮೊದಲ ಬೋಲ್ಟು ಬಿಗಿದ ಕಮ್ಮಾರ ಕ್ನೂದ್ ತೀರಿಕೊಂಡಿದ್ದ. ಅವನ ಮಣ್ಣಿಗೆ ಯಂತ್ರ ನಿಲ್ಲಿಸಿ ಎಂದು ಊರು ಕೇಳಿತ್ತು. ಏಳು ಜನ ಎರಡು ಗಂಟೆ ವಾದ ಮಾಡಿದರು. ಇವತ್ತು ಕ್ನೂದ್‌ಗೆ ನಿಲ್ಲಿಸಿದರೆ ನಾಳೆ ಇನ್ನೊಬ್ಬ ಸಾಯುತ್ತಾನೆ, ಯಾರ ಸಾವು ದೊಡ್ಡದು, ಯಾರ ಸಾವು ಚಿಕ್ಕದು ಎಂದು ನಾವು ತೂಗುತ್ತಾ ಕೂರುವುದೇ ಎಂದು ಒಬ್ಬರು ಕೇಳಿದರು. ಕೈ ಎತ್ತಿಸಿದಾಗ ಬೇಡ ಎಂದವರು ನಾಲ್ವರು, ನಿಲ್ಲಿಸಬೇಕು ಎಂದವರು ಮೂವರು. ಮೂರನೆಯ ಕೈ ಐನಾರ್‌ನದು. ಕ್ನೂದ್ ಅವನ ಜೀವದ ಗೆಳೆಯ. ಎತ್ತಿದ ಕೈಯನ್ನು ಅವನು ಇಳಿಸಿದ್ದೂ ನಿಧಾನಕ್ಕೆ.

"ಯಾರ್ಯಾರು ಏನಂದ್ರು ಅಂತ ಬರೀಲಾ?" ಬೋದಿಲ್ ಕೇಳಿದಳು.

"ಬೇಡ. 'ತೀರ್ಮಾನಿಸಲಾಯಿತು' ಅಂತ ಬರಿ. ಒಳಗೆ ಏಳು ಬಾಯಿ ಇರಬಹುದು, ಈ ಬಾಗಿಲು ದಾಟಿದ ಮೇಲೆ ಒಂದೇ."

ಮಾರನೆಯ ದಿನ ಹಡಗುಕಟ್ಟೆಯಲ್ಲಿ ಕ್ನೂದ್‌ನ ತಮ್ಮ ಯೆಪ್ಪೆ ಹತ್ತು ಜನರ ಎದುರು ಐನಾರ್‌ನನ್ನು ಹಿಡಿದು ನಿಲ್ಲಿಸಿದ. "ಕಲ್ಲು ಕಣೋ ನೀನು! ಅರ್ಧ ಗಂಟೆ ನಿಲ್ಸಿದ್ರೆ ಸವೆದು ಹೋಗ್ತಿತ್ತೇನೋ?" ಬೋದಿಲ್ ಅಲ್ಲೇ ಮೀನು ಕೊಳ್ಳುತ್ತಾ ನಿಂತಿದ್ದಳು. ಐನಾರ್ ಟೋಪಿ ತೆಗೆದು, "ಹೌದು ಯೆಪ್ಪೆ. ನಾವು ಹಾಗೆ ತೀರ್ಮಾನ ಮಾಡಿದ್ವಿ," ಎಂದ. ಅಷ್ಟೆ. ಅವತ್ತಿನಿಂದ ಅದು ಐನಾರ್‌ನ ನಿಯಮವಾಯಿತು. ಯೆಪ್ಪೆ ಮೂರು ವರ್ಷ ಅವನ ಜೊತೆ ಮಾತು ಬಿಟ್ಟ. ಆ ಸಭೆಯಲ್ಲಿದ್ದವರು ಒಬ್ಬೊಬ್ಬರಾಗಿ ತೀರಿಹೋದರು. ಐನಾರ್ ಒಂದು ದಿನವೂ ಬಾಯಿ ಬಿಡಲಿಲ್ಲ.

*

"ಬೋದಿಲ್, ಈಗ ನೀನು ಹೇಳಬೇಕು," ಸಿಗ್ನೆ ಅವಳ ತೋಳು ಮುಟ್ಟಿದಳು.

ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಅವನಿಗಾಗಿ, ಅವನ ಗುಟ್ಟನ್ನು ಒಡೆದು, ಅವನಿಗೆ ಮರ್ಯಾದೆ ಮಾಡುವುದು. ಬೋದಿಲ್‌ಗೆ ಅದು ಎಷ್ಟು ಸರಿಯೆನಿಸಿತೋ ಅಷ್ಟೇ ಅಸಹ್ಯವೂ ಎನಿಸಿತು. ಇಷ್ಟು ವರ್ಷ ಬೈಗುಳ ತಿಂದು ಅವನು ಕಾಪಾಡಿಕೊಂಡದ್ದನ್ನು ಇಪ್ಪತ್ತು ನಿಮಿಷದಲ್ಲಿ ಗೆಲ್ಲುವುದಕ್ಕೆ ಖರ್ಚು ಮಾಡುವುದೇ? ಅವಳು ಆ ವಾಕ್ಯವನ್ನು ನುಂಗಿದಳು.

"ನಾನು ನಿಲ್ಸಬೇಕು ಅಂತೀನಿ. ಕಾರಣ ಏನೂ ಇಲ್ಲ, ನನಗೆ ಅವನಂದ್ರೆ ಇಷ್ಟ ಇತ್ತು, ಅಷ್ಟೆ."

"ಇಷ್ಟ ನಮಗೂ ಇತ್ತು," ಎಂದ ಪ್ರೆಬೆನ್. ಅವನ ದನಿ ಮೊದಲ ಬಾರಿಗೆ ನಿಜಕ್ಕೂ ಪಿಸುಮಾತಾಗಿತ್ತು.

ಕೈ ಎತ್ತಿಸಿದಾಗ ಬೇಡ ನಾಲ್ಕು, ಬೇಕು ಎರಡು. 'ಯಂತ್ರ ನಿಲ್ಲಿಸದಿರಲು ತೀರ್ಮಾನಿಸಲಾಯಿತು' ಎಂದು ಬೋದಿಲ್ ಬರೆದಳು. ಹೊರಗೆ ಘಂಟೆ ಶುರುವಾಯಿತು.

*

ಪಾದ್ರಿ ಮಾರೆನ್ ಐನಾರ್‌ನ ಬದುಕನ್ನು ಹತ್ತೇ ನಿಮಿಷದಲ್ಲಿ ಹೇಳಿ ಮುಗಿಸಿದಳು, ಏಕೆಂದರೆ ಹೇಳುವುದು ಅಷ್ಟೇ ಇತ್ತು. ಹಾಲಿನ ಡೈರಿಯಲ್ಲಿ ಎಲೆಕ್ಟ್ರಿಷಿಯನ್. ಹೆಂಡತಿ ಟೂವೆಯ ಜೊತೆ ಐವತ್ತಾರು ವರ್ಷ ಸಂಸಾರ. ಎತ್ತರಕ್ಕೆ ಹೆದರುತ್ತಿದ್ದ, ಗಾಳಿಯಂತ್ರದ ಸಂಘದ ಅಧ್ಯಕ್ಷನಾಗಿಯೂ ಗೋಪುರದ ಏಣಿಯಲ್ಲಿ ಒಂಬತ್ತನೇ ಮೆಟ್ಟಿಲು ದಾಟಿದವನಲ್ಲ. ಒಮ್ಮೆ ದೂರದ ದೇಶದ ಮಂತ್ರಿಗಳು ಯಂತ್ರ ನೋಡಲು ಬಂದಾಗ ಎದುರಿಗೆ ನಿಂತ ಪ್ರೆಬೆನ್‌ನ ಗಾತ್ರ ಕಂಡು ಅವನನ್ನೇ ಅಧ್ಯಕ್ಷನೆಂದು ತಿಳಿದು ಹೂಗುಚ್ಛ ಕೊಟ್ಟರು. ಪ್ರೆಬೆನ್ ಹಿಂದುಮುಂದು ನೋಡದೆ ಅರ್ಧ ಗಂಟೆ ಭಾಷಣ ಬಿಗಿದ. ಐನಾರ್ ಎಲ್ಲರಿಗೂ ಕಾಫಿ ಬಗ್ಗಿಸಿ ಕೊಡುತ್ತಾ ಓಡಾಡಿದ. ಹೊರಡುವಾಗ ಮಂತ್ರಿಗಳು ಅವನ ಕೈಗೆ ಭಕ್ಷೀಸು ಇಟ್ಟರು.

ಚರ್ಚು ಚರ್ಚೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಪ್ರೆಬೆನ್ ನಕ್ಕ, ನಗುತ್ತಲೇ ಅತ್ತ.

ಮಂಡಳಿಯ ಆರು ಜನವೇ ಪೆಟ್ಟಿಗೆ ಎತ್ತಿದರು, ಮುಂದಿನ ಬಲಗಡೆ ಬೋದಿಲ್. ಬಾಗಿಲು ದಾಟಿ, ಚರ್ಚಿನ ಮೂಲೆ ತಿರುಗಿದಾಗ ಮರಗಳ ಸಾಲು ಮುಗಿದು ಗುಡ್ಡ ಕಂಡಿತು. ಗುಡ್ಡದ ಮೇಲೆ ಯಂತ್ರ. ಮೂರು ರೆಕ್ಕೆಗಳೂ ಅಲ್ಲಾಡದೆ ನಿಂತಿದ್ದವು.

ಪೆಟ್ಟಿಗೆ ಒಂದು ಕ್ಷಣ ವಾಲಿತು.

"ನೀನು ಗುಂಡಿ ಒತ್ತಿದ್ಯಾ?" ಪ್ರೆಬೆನ್ ಹಲ್ಲು ಕಚ್ಚಿಕೊಂಡು ಸಿಗ್ನೆಯನ್ನು ಕೇಳಿದ.

"ನನ್ನ ಫೋನು ಇನ್ನೂ ಮೇಣದಬತ್ತಿ ಡಬ್ಬದಲ್ಲೇ ಇದೆ!"

ಸ್ಮಶಾನ ನೋಡಿಕೊಳ್ಳುವ ಹೋಲ್ಗರ್ ತೋಡಿಟ್ಟ ಸಮಾಧಿಯ ಪಕ್ಕ ಗುದ್ದಲಿ ಹಿಡಿದು ಕಾಯುತ್ತಿದ್ದ. "ಯಾರೂ ಏನೂ ಒತ್ತಿಲ್ಲ ಕಣ್ರೋ. ಗಾಳಿ ಎಲ್ಲಿದೆ? ಬೆಳಿಗ್ಗೆ ಎಂಟರಿಂದಲೇ ನಿಂತಿದೆ. ನೋಡ್ಲಿಲ್ವಾ?"

ಯಾರೂ ನೋಡಿರಲಿಲ್ಲ. ಬೇರೆ ದಿನವಾದರೆ ದ್ವೀಪದವರು ಮನೆಯಿಂದ ಹೊರಗೆ ಕಾಲಿಟ್ಟರೆ ಮೊದಲು ಕತ್ತೆತ್ತಿ ರೆಕ್ಕೆ ನೋಡುವವರು. ಇವತ್ತು ಎಲ್ಲರೂ ತಂತಮ್ಮ ಬೂಟು ನೋಡಿಕೊಂಡು ಬಂದಿದ್ದರು. ಅರ್ಧಕ್ಕೆ ಇಳಿಸಿದ್ದ ಬಾವುಟ ಜೋತುಬಿದ್ದದ್ದನ್ನು ಮಾತ್ರ ಎಲ್ಲರೂ ಕಂಡಿದ್ದರು, ದುಃಖಕ್ಕೆ ಅಂದುಕೊಂಡಿದ್ದರು.

"ನಾನು ಬೆಳಿಗ್ಗೆಯಿಂದ ಅಳ್ತಾ ಇದ್ದೀನಿ, ನನಗೆ ಹೇಗೆ ಕಾಣಬೇಕು?" ಎಂದಳು ಸಿಗ್ನೆ.

ಅಷ್ಟರಲ್ಲಿ ಹಿಂದಿನಿಂದ ಬಂದ ಜನ ಗುಡ್ಡ ನೋಡಿ ನಿಂತುಬಿಟ್ಟರು. ಮುದುಕರು ಟೋಪಿ ತೆಗೆದರು. ಐನಾರ್‌ಗಾಗಿ ನಿಲ್ಲಿಸಿದ್ದಾರೆ ಎಂಬ ಮಾತು ಸಾಲಿನುದ್ದಕ್ಕೂ ಹರಿಯಿತು. ಮಾರೆನ್ ಮೂರು ಸಲ ಮಣ್ಣು ಹಾಕಿದ ಮೇಲೆ ಟೂವೆ ಬೋದಿಲ್‌ಳ ಕೈ ಹಿಡಿದು, "ನಿಲ್ಸಿದ್ರಲ್ಲ, ಒಳ್ಳೇದಾಯ್ತು," ಎಂದಳು.

"ಬಿಟ್ಬಿಡು, ಹಾಗೇ ಇರ್ಲಿ," ಪ್ರೆಬೆನ್ ಅವಳ ಕಿವಿಯ ಬಳಿ ಬಗ್ಗಿದ. "ಅವಳಿಗೂ ಸಮಾಧಾನ, ನಮಗೂ ಒಳ್ಳೆ ಹೆಸರು. ಯಾರಿಗೆ ನಷ್ಟ?"

*

ಊರಿನ ಸಭಾಭವನದಲ್ಲಿ ಕಾಫಿ, ಕೇಕು. ಮಣ್ಣು ಮುಗಿದಿದ್ದರಿಂದ ಪದ್ಧತಿಯಂತೆ ಬಾವುಟ ಮತ್ತೆ ಕಂಬದ ತುದಿಗೇರಿತ್ತು, ಮಾತು ಜೋರಾಗಿತ್ತು. ತೊಂಬತ್ತು ದಾಟಿದ ಯೆಪ್ಪೆ ಚಮಚದಿಂದ ಬಟ್ಟಲು ಬಡಿದು ಎದ್ದ. "ನನ್ನ ಅಣ್ಣನಿಗೆ ನಿಲ್ಸದವನಿಗೆ ಇವತ್ತು ನಿಲ್ಸಿದ್ದಾರೆ. ಹೋಗ್ಲಿ ಬಿಡಿ, ನನಗೆ ಕೋಪ ಇಲ್ಲ. ಯಾರು ಹೇಳಿ ನಿಲ್ಸಿದ್ದು? ನೀನಾ ಬೋದಿಲ್?"

ಭವನ ಅವಳ ಕಡೆ ತಿರುಗಿತು. ಟೂವೆ ಕೂಡ. ಸುಮ್ಮನೆ ನಕ್ಕು ಕುಳಿತಿದ್ದರೆ ಸಾಕಿತ್ತು, ಊರೆಲ್ಲ ಅವಳನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಿತ್ತು. ಬೋದಿಲ್ ಎದ್ದಳು.

"ನಾವು ನಿಲ್ಸಿಲ್ಲ ಯೆಪ್ಪೆ. ಇವತ್ತು ಚರ್ಚಿನ ಹಿಂಕೋಣೆಯಲ್ಲಿ ಮಂಡಳಿ ಸೇರ್ತು. ನಿಲ್ಸಬಾರದು ಅಂತ ತೀರ್ಮಾನ ಮಾಡಿದ್ವಿ. ಗಾಳಿ ಇಲ್ಲ, ಅದಕ್ಕೆ ನಿಂತಿದೆ. ನಾವು ಅದನ್ನ ನಿಲ್ಸೋದಾ ಬೇಡ್ವಾ ಅಂತ ಜಗಳ ಆಡೋವಾಗಲೂ ನಿಂತೇ ಇತ್ತು. ಆರು ಜನ ಇದ್ವಿ, ಒಬ್ಬರೂ ಕತ್ತೆತ್ತಿ ನೋಡಿರಲಿಲ್ಲ."

"ಬೇಡ ಅಂದೋರು ಯಾರು?" ಯೆಪ್ಪೆ ಬೆರಳು ಎತ್ತಿದ. "ಹೆಸರು ಹೇಳು."

ಪ್ರೆಬೆನ್ ತನ್ನ ಕಾಫಿಯೊಳಗೆ ಮುಳುಗುವಷ್ಟು ತಲೆ ತಗ್ಗಿಸಿದ್ದ.

"ನಾವು," ಎಂದಳು ಬೋದಿಲ್.

ಬಾಗಿಲ ಬಳಿ ಹೋಲ್ಗರ್ ಕಿಸಕ್ಕೆಂದ. ಆಮೇಲೆ ಟೂವೆ ನಕ್ಕಳು. ಮೊದಲು ಕೆಮ್ಮಿನಂತೆ ಶುರುವಾದದ್ದು ಮೇಜು ಹಿಡಿದುಕೊಳ್ಳುವಷ್ಟು ಜೋರಾಯಿತು. ಅವಳೇ ನಗುವಾಗ ಉಳಿದವರಿಗೇನು, ಭವನ ಹಾರಿಹೋಗುವಂತೆ ನಕ್ಕರು. ಯೆಪ್ಪೆ, "ಇವಳೂ ಕಲ್ಲೇ," ಎಂದು ಗೊಣಗಿ ಕುಳಿತು ಇನ್ನೊಂದು ಬಟ್ಟಲು ಕಾಫಿ ಕೇಳಿದ.

ಬೋದಿಲ್ ಅಡುಗೆಮನೆಗೆ ಓಡಿಹೋದಳು. ಕೈಗೆ ಕೆಲಸ ಬೇಕಿತ್ತು. ದೊಡ್ಡ ಕೆನೆಕೇಕೊಂದು ಇನ್ನೂ ಹಾಗೇ ಇತ್ತು. ಚಾಕು ತೆಗೆದುಕೊಂಡು ಕತ್ತರಿಸತೊಡಗಿದಳು. ಟೂವೆ ಹಿಂದೆಯೇ ಬಂದು ಬಾಗಿಲಿಗೆ ಒರಗಿದಳು.

"ನೀನು ಯಾವ ಕಡೆ ಇದ್ದೆ ಅಂತ ನಾನು ಕೇಳಲ್ಲ. ಅವನನ್ನೂ ಯಾವತ್ತೂ ಕೇಳಿದವಳಲ್ಲ."

"ಕೇಳಿದ್ರೂ ಹೇಳ್ತಿರಲಿಲ್ಲ ಅವನು."

"ಎಲ್ಲಿ ಹೇಳ್ತಿದ್ದ! 'ನಾವು ತೀರ್ಮಾನ ಮಾಡಿದ್ವಿ', ಅಷ್ಟೇ. ಆದ್ರೆ ಸಭೆಯ ಮಾರನೇ ದಿನ ಆಲೂಗಡ್ಡೆ ಸಿಪ್ಪೆ ತೆಗೆಯೋಕೆ ಕೂರ್ತಿದ್ದ. ಅವನು ಹೇಳಿದ ಹಾಗೆ ಆಗಿದ್ರೆ ಸಿಪ್ಪೆ ಕಾಗದದ ಹಾಗೆ ಇರ್ತಿತ್ತು. ಸೋತಿದ್ರೆ ಅರ್ಧ ಆಲೂಗಡ್ಡೆ ಸಿಪ್ಪೆ ಜೊತೆ ಹೋಗ್ತಿತ್ತು." ಟೂವೆ ಕಣ್ಣೊರೆಸಿಕೊಂಡಳು. "ಕ್ನೂದ್ ಸತ್ತ ವಾರ ನಾವಿಬ್ಬರೂ ಬಟಾಣಿಯಷ್ಟು ಆಲೂಗಡ್ಡೆ ತಿಂದಿದ್ದೀವಿ."

ಬೋದಿಲ್ ಚಾಕು ಹಿಡಿದಂತೆಯೇ ತಿರುಗಿದಳು. "ಹಾಗಾದ್ರೆ ನಿನಗೆ ಗೊತ್ತಿತ್ತು!"

"ಏನು ಗೊತ್ತಿತ್ತು? ನಾನು ಆಲೂಗಡ್ಡೆ ವಿಷಯ ಹೇಳ್ತಾ ಇದ್ದೀನಿ."

ಟೂವೆಯ ನೋಟ ಮೇಜಿನ ಮೇಲೆ ಇಳಿಯಿತು. ಬೋದಿಲ್ ಕೂಡ ಆಗಲೇ ನೋಡಿದ್ದು. ದಿನಾ ನಲವತ್ತು ಮಕ್ಕಳಿಗೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕತ್ತರಿಸಿ ಬಡಿಸುವ ಅವಳು ಹದಿನಾರು ಜನರ ಕೇಕನ್ನು ನಾಲ್ಕೇ ತುಂಡು ಮಾಡಿಟ್ಟಿದ್ದಳು.

ಟೂವೆ ಒಂದು ತಟ್ಟೆ ತೆಗೆದುಕೊಂಡಳು. ಇದ್ದುದರಲ್ಲೇ ದೊಡ್ಡ ತುಂಡನ್ನು ತಟ್ಟೆಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು ಭವನದ ಉದ್ದಕ್ಕೂ ನಡೆದುಹೋಗಿ, ಇನ್ನೂ ತಲೆ ತಗ್ಗಿಸಿಯೇ ಕುಳಿತಿದ್ದ ಪ್ರೆಬೆನ್‌ನ ಮುಂದೆ ಇಟ್ಟಳು.