ಪ್ರೇಕ್ಷಕರ ನಡುವೆ ಇಳಿದು ಹೋದವಳು

ಕೊನೆಯ ಅಂಕಕ್ಕೆ ಗಂಟೆ ಬಾರಿಸುವ ಹೊತ್ತಿಗೆ ಟೋರ್ಬೋರ್ಗ್ ಎಂಬ ನಟಿಯ ಕೈಗವಸು ಬೆವರಿಗೆ ಒದ್ದೆಯಾಗಿತ್ತು. ಬೆರ್ಗೆನ್ ಪಟ್ಟಣದ ರಂಗಮಂದಿರದಲ್ಲಿ ಹನ್ನೊಂದು ವರ್ಷ ಪಾತ್ರ ಮಾಡಿದವಳಿಗೆ ಹಿಂದೆಂದೂ ಹೀಗಾಗಿರಲಿಲ್ಲ.

ನಾಟಕ ಬರೆದವರ ಪ್ರಕಾರ ಕೊನೆಗೆ ಹೆಂಡತಿ ಗಂಡನ ಮನೆ ಬಿಟ್ಟು ಹೊರಟುಹೋಗಬೇಕು. ಹೆಂಡತಿಯ ಪಾತ್ರ ಅವಳದು, ಗಂಡನ ಪಾತ್ರ ಸಿಗ್ವಾರ್ಡನದು. ನಾಟಕ ಮಂಡಳಿಯ ಯಜಮಾನನೂ ಅವನೇ, ಟೋರ್ಬೋರ್ಗಳ ಕೈಹಿಡಿದ ಗಂಡನೂ ಅವನೇ. ಅವನು ಕೊನೆಯನ್ನು ತಿದ್ದಿದ್ದ. ಹೆಂಡತಿ ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಅವನ ಕಾಲ ಬಳಿ ಕೂತು ಅಳಬೇಕು.

"ಪಾದ್ರಿಗಳು ಮುಂದಿನ ಸಾಲಲ್ಲೇ ಕೂತಿರ್ತಾರೆ. ಚೆನ್ನಾಗಿ ಅತ್ತುಬಿಡು ಚಿನ್ನ, ಅದು ನಿಂಗೆ ಬರುತ್ತೆ," ಎಂದಿದ್ದ ತಾಲೀಮಿನಲ್ಲಿ.

"ಆಗಲಿ," ಎಂದಿದ್ದಳು. ರಾಜಧಾನಿ ಕ್ರಿಸ್ತಿಯಾನಿಯಾದ ದೊಡ್ಡ ಮಂಡಳಿ ಅವಳನ್ನು ಕರೆದಾಗ, ಅವಳನ್ನು ಒಂದು ಮಾತೂ ಕೇಳದೆ ಅವನೇ ಬೇಡವೆಂದು ಬರೆದು ಹಾಕಿದ್ದ. ಆಗಲೂ ಅವಳು ಹೇಳಿದ್ದು ಅದನ್ನೇ.

ಉಡುಪು ನೋಡಿಕೊಳ್ಳುವ ಮುದುಕಿ ಓಲಾವಾ ಬೆನ್ನಿನ ಗುಂಡಿ ಹಾಕುತ್ತ ಪಿಸುಗುಟ್ಟಿದಳು: "ನಿಮ್ಮ ಯಜಮಾನ್ರು ರಂಗದ ಬಾಗಿಲಿಗೆ ಹಿಂದಿನಿಂದ ಮೊಳೆ ಹೊಡೆಸಿದಾರೆ ಕಣಮ್ಮ."

"ಯಾಕೆ?"

"ನಿಮ್ಮ ಮುಖ ನೋಡಿ, ನಿಜವಾಗ್ಲೂ ಹೊರಟುಬಿಡ್ತೀರಂತ ಹೆದರಿಕೊಂಡಿರಬೇಕು."

ಟೋರ್ಬೋರ್ಗ್ ಕನ್ನಡಿಯತ್ತ ತಿರುಗಿ ಮುಖ ನೋಡಿಕೊಂಡಳು. ತನಗೇ ಇನ್ನೂ ಸರಿಯಾಗಿ ಗೊತ್ತಿರದ್ದು ಅವನಿಗೆ ಮೊದಲೇ ಹೇಗೆ ತಿಳಿಯಿತು?

ರಂಗದ ಮೇಲೆ ಮಾತುಗಳು ತಾವಾಗಿಯೇ ಬಂದವು. ಬಾಗಿಲ ಬಳಿ ಹೋಗಿ ಹಿಡಿ ತಿರುಗಿಸಿದಳು. ಬಾಗಿಲು ಅಲುಗಲಿಲ್ಲ. ಜೋರಾಗಿ ಎಳೆದಾಗ ಬಣ್ಣದ ಗೋಡೆಯೇ ನಡುಗಿತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

"ಬಾ, ಕೂತ್ಕೋ. ಜನ ನೋಡ್ತಿದಾರೆ," ಎಂದ ಸಿಗ್ವಾರ್ಡ್, ತುಟಿ ಅಲುಗಿಸದೆ.

ಅವಳು ತಿರುಗಿ ಬಂದಳು. ಅವನ ಮುಖದಲ್ಲಿ ನೆಮ್ಮದಿ ಮೂಡುವಷ್ಟರಲ್ಲಿ ಅವನನ್ನು ದಾಟಿ ರಂಗದ ಅಂಚಿಗೆ ಹೋಗಿ, ಲಂಗ ಎತ್ತಿಕೊಂಡು ದೀಪದ ಸಾಲು ದಾಟಿದಳು. ರಂಗದ ಮುಂದೆ ಕೂತಿದ್ದ ವಾದ್ಯದವರಲ್ಲೊಬ್ಬ ಎದ್ದು, ಕೈ ಹಿಡಿದು ಇಳಿಸಿದ. ಸಭೆಯ ನಡುವಿನ ದಾರಿಯಲ್ಲಿ ಒಬ್ಬ ದಪ್ಪ ವ್ಯಾಪಾರಿ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿದ್ದ ಅವನ ಹೆಂಡತಿ, "ಕಾಲು ತೆಗೀರಿ, ಅವ್ರು ಹೋಗ್ಬೇಕು," ಎಂದು ಗದರಿದಳು.

ಹೊರಗೆ ಮೇ ತಿಂಗಳ ಸಂಜೆ ಇನ್ನೂ ಬೆಳ್ಳಗಿತ್ತು. ತಲೆಗೆ ಟೋಪಿಯಿಲ್ಲ, ಮೈಮೇಲಿದ್ದದ್ದು ನಾಟಕದ ಬಟ್ಟೆ. ಮುಗಿಸಿ ಬಂದದ್ದು ನಾಟಕವನ್ನೋ ಸಂಸಾರವನ್ನೋ ಎಂಬುದು ಅವಳಿಗೇ ತಿಳಿಯಲಿಲ್ಲ. ಹಿಂದೆ ಹೆಜ್ಜೆ ಸಪ್ಪಳ ಕೇಳಿದಂತಾಗಿ ಓಡತೊಡಗಿದಳು. ಓಲಾವಾ ಬಾಡಿಗೆಗಿದ್ದ ಕೋಣೆ ಸೇರುವವರೆಗೆ ನಿಲ್ಲಲಿಲ್ಲ.

ಬೆಳಿಗ್ಗೆ ಸಿಗ್ವಾರ್ಡ್ ಬಂದ. ಬೈಯುತ್ತಾನೆಂದುಕೊಂಡಿದ್ದಳು. ಅವನು ಗಡ್ಡ ಕೂಡ ಹೆರೆದುಕೊಳ್ಳದೆ ಬಾಗಿಲಲ್ಲೇ ನಿಂತಿದ್ದ.

"ಇವತ್ತಿನ ಟಿಕೆಟ್ಟೆಲ್ಲ ಖಾಲಿ. ನೀನು ಹಾಗೆ ಇಳಿದು ಹೋಗೋದನ್ನೇ ನೋಡ್ಬೇಕಂತೆ ಎಲ್ರಿಗೂ. ಬರ್ತೀಯಾ?"

ಅವನು ಅವಳನ್ನು ಕೇಳಿದ್ದು ಅದೇ ಮೊದಲು.

"ಬರ್ತೀನಿ. ಆರು ಗಂಟೆಗೆ."

"ಆಟ ಮುಗಿದ ಮೇಲೆ ಮನೆಗೆ?"

"ಇಲ್ಲ. ಇಲ್ಲಿಗೆ."

"ನೀನು ನನ್ನ ಹೆಂಡ್ತಿ, ಟೋರ್ಬೋರ್ಗ್. ಜನ ಏನಂತಾರೆ?"

"ನೋಡೋಕೆ ಟಿಕೆಟ್ ತಗೊಂಡಿದಾರಲ್ಲ, ಏನಾದ್ರೂ ಅನ್ಲಿ."

ಅವನು ಮೆಟ್ಟಿಲಿಳಿದ ಮೇಲೆ ಅವಳು ಹಾಸಿಗೆಯ ಮೇಲೆ ಕೂತಳು. ಓಲಾವಾ ಕೊಟ್ಟ ಕಾಫಿಯನ್ನು ಕೊನೆಯ ಗುಟುಕಿನವರೆಗೆ ಕುಡಿದಳು.

ಆ ನಾಟಕ ಇಪ್ಪತ್ತಾರು ಆಟ ಕಂಡಿತು. ಶರತ್ಕಾಲದ ಹೊತ್ತಿಗೆ ಬಂದರಿನ ಆಚೆ ದಡದಲ್ಲಿ ಅವಳು ತನ್ನದೇ ಒಂದು ಕೋಣೆ ಹಿಡಿದಿದ್ದಳು. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಸಿಗ್ವಾರ್ಡನೇನೋ ಎಂದು ಬಹಳ ದಿನ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಆದರೂ ಅವನ ಮನೆಗೆ ವಾಪಸು ಹೋಗಲಿಲ್ಲ.