ಕುದುರೆಯ ಕಿವಿಗೆ ಹತ್ತಿ

ಮಂಜೂರ ನನಗೆ ಮೋಸ ಮಾಡಿದನೆಂದು ಸಿಂದಗಿಯಿಂದ ಇಂಡಿಯವರೆಗೆ ಬಸ್ಸಿನಲ್ಲಿ ಹಲ್ಲು ಕಡಿಯುತ್ತಲೇ ಹೋದೆ. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಹೆವಿ ಮೆಟಲ್ ಬ್ಯಾಂಡಿಗೆ ಮರುಳಾದವರು. ಸವೆದ ಕ್ಯಾಸೆಟ್ಟಿನಲ್ಲಿ ಅರ್ಧಂಬರ್ಧ ಕೇಳಿಯೇ ತಲೆ ಕುಣಿಸಿದವರು. ಆ ಬ್ಯಾಂಡಿನ ಒಂಬತ್ತೂ ಆಲ್ಬಂಗಳನ್ನು, ಧ್ವನಿಯನ್ನು ಒಂದು ಚೂರೂ ಕತ್ತರಿಸದ ಲಾಸ್‌ಲೆಸ್ ಫೈಲುಗಳಲ್ಲಿ ಒಮ್ಮೆ ಪೂರಾ ಕೇಳಬೇಕು ಅನ್ನುವುದೊಂದೇ ನನ್ನ ಆಸೆ. ಇಂಡಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮಂಜೂರ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಒಳ್ಳೆಯ ಹೆಡ್‌ಫೋನ್ ತಂದು ಕೂತೆ. ಎರಡು ಆಲ್ಬಂ ಮುಗಿದರೂ ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆಗಳ ಝಣಝಣವೇ ಇಲ್ಲ!

"ಧ್ವನಿ ಕತ್ತರಿಸಿದ ಎಂಪಿತ್ರೀಗೆ ಲಾಸ್‌ಲೆಸ್ ಅಂತ ಹೆಸರ ಹಚ್ಚಿ ಕೊಟ್ಟಿ. ನಾಚಿಕಿ ಬರೂದಿಲ್ಲೇನ್ ನಿನಗ?" ಅಂಗಡಿಯ ಹೊಸ್ತಿಲಲ್ಲೇ ಕೂಗಾಡಿದೆ.

"ಮೆಲ್ಲಕ ಮಾತಾಡೋ ಶ್ರೀಶೈಲ, ನಾ ಏನ್ ಕಿವುಡ ಅಲ್ಲ," ಅಂದ.

ಅದೇ ಪೆನ್‌ಡ್ರೈವಿನ ಹಾಡೊಂದನ್ನು ಹಚ್ಚಿ, ಕಂಪ್ಯೂಟರಿನಲ್ಲಿ ಧ್ವನಿಯ ಚಿತ್ರ ತೆರೆದ. ಕೆಳಗೆ ದಪ್ಪ ಸ್ವರ, ಮೇಲೆ ಸಣ್ಣ ಸ್ವರ. ಫೈಲು ಖೋಟಾ ಆಗಿದ್ದರೆ ಮೇಲ್ಭಾಗ ಕತ್ತರಿಸಿದಂತೆ ಖಾಲಿ ಇರಬೇಕು, ಅಷ್ಟು ನನಗೂ ಗೊತ್ತು. ಪರದೆ ಮೇಲಂಚಿನವರೆಗೂ ತುಂಬಿತ್ತು.

"ಈಗ ಬಡದಾ ನೋಡ ಕಂಚಿನ ತಟ್ಟಿ," ಎಂದು ಬೆರಳಿಟ್ಟ. ಹಳದಿ ಗೆರೆಯೊಂದು ಚಿಮ್ಮಿತು. ನನಗೆ ತಟ್ಟೆಯ ಸದ್ದು ಮಾತ್ರ ಕೇಳಲೇ ಇಲ್ಲ.

ಹದಿನೆಂಟು ವರ್ಷ ಮದುವೆ ಮೆರವಣಿಗೆಗಳಲ್ಲಿ ಡಿಜೆ ಹಚ್ಚಿದವನು ನಾನು. ವರನಿಗೆ ಕುದುರೆ ತರುವ ಮಾಳಿಂಗ ಮೊದಲು ಅದರ ಕಿವಿಗೆ ಹತ್ತಿ ತುರುಕುತ್ತಿದ್ದ. ಉಳಿದದ್ದನ್ನು ನನ್ನ ಕಡೆ ಚಾಚಿ, "ನೀನೂ ಇಟ್ಗೊಳ್ಳೋ," ಅನ್ನುತ್ತಿದ್ದ. ನಾನು ನಗುತ್ತಿದ್ದೆ. ಕಿವಿ ಮುಚ್ಚಿಕೊಂಡು ಸೌಂಡ್ ಹೊಂದಿಸುವವನು ಎಂಥ ಡಿಜೆ? ಎಂಥ ಸೊಕ್ಕು ನನ್ನದು! ಆ ಕುದುರೆ ಈಗಲೂ ಸಣ್ಣಗೆ ಸೀಟಿ ಹೊಡೆದರೂ ಹೊರಳಿ ನೋಡುತ್ತದೆ.

"ಡಾಕ್ಟರಗ ತೋರಸೂಣು ನಡಿ," ಅಂದ ಮಂಜೂರ. ಅವನ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

"ಹೋದ ತಿಂಗಳ ತೋರಿಸೇನಿ."

ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದೂ ಹೋಗಬಹುದು ಅಂದಿದ್ದರು ವಿಜಯಪುರದ ಡಾಕ್ಟರು. ನಾನು ನಂಬಿರಲಿಲ್ಲ. ಗೆಳೆಯ ಮೋಸಗಾರ ಎಂದು ನಂಬುವುದೇ ಸುಲಭವಾಗಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಂಜೂರ ಹಾಡು ನಿಲ್ಲಿಸಲು ಕೈ ಚಾಚಿದ. ತಡೆದೆ.

"ಇರ್ಲಿ ಬಿಡೋ. ಇನ್ನಾ ಏಳು ಆಲ್ಬಂ ಅದಾವು. ಒಂದೊಂದ ಹಚ್ಚು."

"ನಿನಗ ಕೇಳಸೂದಿಲ್ಲಲ್ಲೋ?"

"ನೋಡ್ತೇನಿ," ಅನ್ನುತ್ತ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡೆ.