ಲ್ಯಾಬಿನ ಬಾಗಿಲಿಗೆ ಬಂದ ಮಂಗಳಾರತಿ

ಗಾಜಿನ ಮೇಲೆ ಹನಿಸಿದ ಈಥರ್ ಆರಿದ ಮೇಲೆ ಕಲೆ ಉಳಿಯಬಾರದು. ಉಳಿದರೆ ಕೆಮಿಸ್ಟ್ ಗೋಪಾಲಕೃಷ್ಣ ಇಡೀ ಬಾಟಲಿಯನ್ನು ಮತ್ತೆ ಬಟ್ಟಿ ಇಳಿಸುತ್ತಿದ್ದ, ಅದೂ ಒಲೆಯ ಹತ್ತಿರ ಒಯ್ಯದೆ, ಬಿಸಿನೀರಿನಲ್ಲಿಟ್ಟು. ರಾಯಚೂರಿನ ಎಣ್ಣೆ ಗಿರಣಿಯೊಂದರ ಲ್ಯಾಬಿನಲ್ಲಿ ಶೇಂಗಾದಿಂದ ಎಣ್ಣೆ ತೆಗೆದು ಅಳೆಯಲು ಈ ದ್ರವ ಬೇಕಿತ್ತು. ಯುದ್ಧದಿಂದಾಗಿ ಮುಂಬಯಿಯ ಒಳ್ಳೆಯ ಸರಕು ನಿಂತುಹೋಗಿ, ಸಿಕ್ಕಿದ ಕೊಳಕನ್ನೇ ಆತ ನೀರಿನಷ್ಟು ತಿಳಿಯಾಗಿಸುತ್ತಿದ್ದ. ಅದರ ಬಗ್ಗೆ ಅವನಿಗೆ ಜಂಬವಿತ್ತು. ಇರಲಿ ಬಿಡಿ, ಕೆಲಸ ಬಲ್ಲವನಿಗೆ ಅಷ್ಟಾದರೂ ಬೇಡವೇ?

ಈಥರಿನ ಆವಿ ಕಣ್ಣಿಗೆ ಕಾಣದೆ ನೆಲ ಹಿಡಿದು ಹರಿದು ಹೋಗಿ ಬೆಂಕಿ ಮುಟ್ಟುತ್ತದೆ ಎಂದು ಹೇಳಿ ಹೇಳಿ ಅವನ ಗಂಟಲು ಒಣಗಿತ್ತು. ಈ ಸಲ ದಸರೆಯ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಆರತಿ ಯಂತ್ರಗಳಿಗಷ್ಟೇ, ಲ್ಯಾಬಿಗಿಲ್ಲ ಎಂದು ಗಿರಣಿಯ ಸಾಹುಕಾರ ರಾಮಲಿಂಗಪ್ಪ ಮಾತು ಕೊಟ್ಟಿದ್ದ. ಅದನ್ನು ನಂಬಿ ಗೋಪಾಲಕೃಷ್ಣ ಹಬ್ಬದ ಮೊದಲ ದಿನಗಳಿಗೆ ಮಾನ್ವಿಗೆ ಹೋದ.

ಪೂಜೆಯ ದಿನ ಬೆಳಿಗ್ಗೆ ಬಸ್ಸಿಳಿದು ಹಿಂದಿನ ಬಾಗಿಲಿನಿಂದ ಲ್ಯಾಬಿಗೆ ಬಂದರೆ, ಸಾಹುಕಾರನ ತಾಯಿ ಚನ್ನಮಲ್ಲಮ್ಮ ಕೂತು ನೆಲ ಒರೆಸುತ್ತಿದ್ದಾಳೆ. ಮೇಜಿನ ಮೇಲೆ ದೊಡ್ಡ ಬಾಟಲಿ ಬರಿದಾಗಿದೆ, ಅದಕ್ಕೆ ವಿಭೂತಿ ಬಳಿದಿದೆ.

"ಯವ್ವಾ, ಇದರಾಗಿಂದು ಎಲ್ಲಿ ಹೋತು?"

"ಹಳೀ ನೀರು ಯಾಕಂತ ನೆಲಕ್ಕ ಹೊಯ್ದೆ, ಯಪ್ಪಾ. ಪೂಜಿ ಅಂದಮ್ಯಾಲ ಒಂದು ಸಾಮಾನ ಬಿಟ್ಟರ ಹೆಂಗ?"

ಅವಳ ಸೀರೆ ಮೊಣಕಾಲಿನವರೆಗೆ ಈಥರಿನಲ್ಲಿ ನೆನೆದಿತ್ತು. ಇತ್ತ ಮುಂಬಾಗಿಲಿಗೆ ನಾಲ್ಕು ಹೆಜ್ಜೆ ದೂರದಲ್ಲಿ, ಕೊಟ್ಟ ಮಾತನ್ನು ಗಾಳಿಗೆ ತೂರಿದ ರಾಮಲಿಂಗಪ್ಪ ಉರಿಯುವ ಕರ್ಪೂರದ ತಟ್ಟೆ ಹಿಡಿದು ಬರುತ್ತಿದ್ದ.

"ಇಲ್ಲೇ ಇರ್ರಿ, ಯವ್ವಾ," ಎಂದವನೇ ಗೋಪಾಲಕೃಷ್ಣ ಹೊರಗೆ ನುಗ್ಗಿ ತಟ್ಟೆಗೆ ಬೀಸಿ ಹೊಡೆದ. ತಟ್ಟೆ ಅಂಗಳದ ನಡುವೆ ಹೋಗಿ ಬಿತ್ತು. ಸಾಹುಕಾರನ ಎದೆಗೆ ಕೈಕೊಟ್ಟು ಹಿಂದಕ್ಕೆ ನೂಕಿದ. ರಾಮಲಿಂಗಪ್ಪ ಅಂಗಾತ ಬಿದ್ದ, ಕಿವಿಯ ಹತ್ತಿರ ಒಡೆದು ರಕ್ತ ಬಂತು.

ಆಮೇಲೆ ಮಾತಿಗೆ ಜಾಗವೇ ಉಳಿಯಲಿಲ್ಲ. ಆರತಿ ಕೆಡವಿದವನು, ಅನ್ನ ಹಾಕಿದ ಧಣಿಯ ಮೇಲೆ ಕೈ ಮಾಡಿದವನು! ಕೂಲಿಯಾಳುಗಳು ಅವನನ್ನು ಅಂಗಳದ ನಡುವಿನವರೆಗೂ ಎಳೆದು ತುಳಿದರು. ಮೇಸ್ತ್ರಿ ತಾಯಣ್ಣ ಬಡಿಗೆ ತಂದ. ಮೊದಲ ಏಟಿಗೆ ಮುಂಗೈ ಮುರಿಯಿತು. "ಒಳಗ ಈಥರ್..." ಎನ್ನುವಷ್ಟರಲ್ಲಿ ಯಾರದೋ ಕಾಲು ಬಾಯಿಗೆ ಬಿದ್ದು ಹಲ್ಲು ಉದುರಿದವು.

"ಹೊಡೀಬ್ಯಾಡ್ರೋ ಅವನ್ನ," ಎನ್ನುತ್ತ ಚನ್ನಮಲ್ಲಮ್ಮ ಲ್ಯಾಬಿನಿಂದ ಓಡಿ ಬಂದಳು.

ಗೋಪಾಲಕೃಷ್ಣನ ಕಣ್ಣು ಅವಳ ಒದ್ದೆ ಸೀರೆಯ ಮೇಲೆ ಬಿತ್ತು. ತಟ್ಟೆಯಿಂದ ಸಿಡಿದ ಎರಡು ಕರ್ಪೂರದ ಬಿಲ್ಲೆಗಳು ಪಕ್ಕದಲ್ಲೇ ಮಣ್ಣಿನ ಮೇಲೆ ಉರಿಯುತ್ತಿದ್ದವು. ಹೊರಳಿ ಒಂದರ ಮೇಲೆ ಎದೆ ಕೊಟ್ಟು ಮಲಗಿದ. ಚರ್ಮ ಸುಟ್ಟಿತು. ಇನ್ನೊಂದು ಕೈಗೆ ಎಟುಕಲಿಲ್ಲ. ಮುದುಕಿ ಅದರ ಹತ್ತಿರವೇ ಬಂದು, ಅವನನ್ನು ಎಬ್ಬಿಸಲೆಂದು ಬಗ್ಗಿದಳು. ಗೋಪಾಲಕೃಷ್ಣ ಇದ್ದಬದ್ದ ಬಲವನ್ನೆಲ್ಲ ಕಾಲಿಗೆ ತಂದುಕೊಂಡು ಅವಳ ಹೊಟ್ಟೆಗೆ ಒದ್ದ.

ಅವಳು ದೂರ ಹೋಗಿ ಬಿದ್ದಳು. ತಾಯಣ್ಣನ ಬಡಿಗೆ ಗೋಪಾಲಕೃಷ್ಣನ ತಲೆಯ ಮೇಲೆ ಇಳಿಯಿತು.

ರಾಮಲಿಂಗಪ್ಪ ತಾಯಿಯನ್ನು ಎತ್ತಲು ಹೋದ. ಸೀರೆ ಹಿಡಿದ ಕೈ ಮಂಜುಗಡ್ಡೆ ಮುಟ್ಟಿದಂತೆ ಕೊರೆಯಿತು. ಮೂಸಿದ, ಈಥರಿನ ವಾಸನೆ. ಉರಿಯುವ ಬಿಲ್ಲೆಯನ್ನು ನೋಡಿದ. ಓಡಿಹೋಗಿ ಬರಿಗಾಲಿನಲ್ಲಿ ಅದನ್ನು ತುಳಿದು ಆರಿಸಿದ.

"ಸಾಕು ಬಿಡೋ ತಾಯಣ್ಣಾ," ಎಂದ.

ತಾಯಣ್ಣ ಆಗಲೇ ಬಿಟ್ಟಿದ್ದ. ಬಿದ್ದವನು ಉಸಿರಾಡುತ್ತಿರಲಿಲ್ಲ.

ಚನ್ನಮಲ್ಲಮ್ಮ ಹೊಟ್ಟೆ ಹಿಡಿದುಕೊಂಡು ಎದ್ದು ಕೂತಳು. "ಬಿಡಸಾಕ ಬಂದಾಕಿನ್ನ ಯಾಕ ಒದ್ದಾ ಅಂತ ಕೇಳಪಾ ಅವನ್ನ," ಎಂದಳು.

ರಾಮಲಿಂಗಪ್ಪನಿಗೆ ಗೊತ್ತಿತ್ತು. ಅವಳ ಒದ್ದೆ ಸೀರೆಯನ್ನು ಎರಡೂ ಕೈಯಲ್ಲಿ ಹಿಂಡತೊಡಗಿದ.